ಮೊಮ್ಮಕ್ಕಳ ಕಾಲಕ್ಕೂ ಸಿಟ್ಟು

ಆ ಬೀದಿಯಲ್ಲಿ ಡ್ರೈವಿಂಗ್ ಸ್ಕೂಲುಗಳು ಎರಡಿದ್ದವು, ಎದುರು ಬದುರು. ಎರಡರ ಕಾರುಗಳಿಗೂ ಒಂದೇ ಹಳದಿ ಬಣ್ಣ, ಎರಡರ ಬೋರ್ಡಿನ ಮೇಲೂ ಒಬ್ಬನೇ ಅಜ್ಜನ ಹೆಸರು. ಹೊಸಬರು ಇವನ್ನು ಒಂದೇ ಸಂಸ್ಥೆಯ ಎರಡು ಶಾಖೆ ಎಂದುಕೊಂಡು ಒಂದರಲ್ಲಿ ವಿಚಾರಿಸಿ ಇನ್ನೊಂದಕ್ಕೆ ಹೋಗುತ್ತಿದ್ದರು. ಹೋಗಿ ಬಾಯಿ ತೆರೆದ ಮೇಲೆ ತಮ್ಮ ತಪ್ಪು ಅವರಿಗೆ ತಿಳಿಯುತ್ತಿತ್ತು. ಬಲಗಡೆಯದು ಅಕ್ಕನದು, ಎಡಗಡೆಯದು ತಮ್ಮನದು. ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಅಕ್ಕನಿಗೆ ಕಲಿಯಲು ಬರುವವರು ಇಟ್ಟ ಹೆಸರು ಬ್ರೇಕ್ ಮೇಡಂ. ಕಲಿಸುವವರ ಕಾಲಡಿಯಲ್ಲಿ ಇರುವ ಎರಡನೇ ಬ್ರೇಕಿನ ಮೇಲಿಂದ ಅವಳ ಪಾದ ಏಳುತ್ತಲೇ ಇರಲಿಲ್ಲ. ಗುರುವಾಗಿ ಅವಳು ಒಳ್ಳೆಯವಳೇ. ಆದರೆ ಕೂಗುತ್ತಿದ್ದಳು. ಕಾರಿನ ಗಾಜು ಏರಿಸಿದ್ದರೂ ಯಾರು ಯಾವ ಗೇರಿನಲ್ಲಿ ಏನು ಎಡವಟ್ಟು ಮಾಡಿದರು ಎಂಬುದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ತಮ್ಮನ ದಾರಿ ಬೇರೆ. ಅವನು ತುಟಿಪಿಟಕ್ಕೆನ್ನದೆ, ಮುಖ ಗಂಟು ಹಾಕಿಕೊಂಡು, ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದ. ಇದಕ್ಕಿಂತ ಕೂಗಿಸಿಕೊಳ್ಳುವುದೇ ವಾಸಿ ಎಂದು ಅಲ್ಲಿಂದ ಇಲ್ಲಿಗೆ ಬಂದವರಿದ್ದರು. ಕಿವಿ ಉಳಿದರೆ ಸಾಕು ಎಂದು ಇಲ್ಲಿಂದ ಅಲ್ಲಿಗೆ ಹೋದವರೂ ಇದ್ದರು.

ಮೊದಲು ಸ್ಕೂಲು ಒಂದೇ ಇತ್ತು. ಅಪ್ಪನಿಗೆ ವಯಸ್ಸಾದ ಮೇಲೆ ಅಕ್ಕ ತಮ್ಮ ಸೇರಿ ಅದನ್ನು ನಡೆಸುತ್ತಿದ್ದರು. ಒಂದು ಮಧ್ಯಾಹ್ನ ಇಬ್ಬರೂ ಕಾರಿನಿಂದ ಇಳಿದು ಒಳಗೆ ಹೋದರು. ಆಫೀಸಿನ ಮುಂದೆ ರಸ್ತೆ ಸ್ವಲ್ಪ ಇಳಿಜಾರು. ಕಾರು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಉರುಳಿ, ಗಂಭೀರವಾಗಿ ರಸ್ತೆ ದಾಟಿ, ಎದುರಿನ ಕನ್ನಡಕದ ಅಂಗಡಿಯ ಗಾಜಿನೊಳಕ್ಕೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ, ಒಂದಷ್ಟು ಕನ್ನಡಕ ಹೋದವು. ಡ್ರೈವಿಂಗ್ ಸ್ಕೂಲಿನವರೇ ಹ್ಯಾಂಡ್‌ಬ್ರೇಕ್ ಹಾಕಲಿಲ್ಲವಂತೆ ಎಂದು ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕೊನೆಗೆ ಇಳಿದವನು ನೀನು ಎಂದು ಅಕ್ಕ, ನೀನೇ ಎಂದು ತಮ್ಮ. ಆ ಮಾತೇ ಕೊನೆಯ ಮಾತಾಯಿತು. ಕನ್ನಡಕದವನು ಅಂಗಡಿ ಖಾಲಿ ಮಾಡಿ ಬೇರೆ ಬೀದಿಗೆ ಹೋದಾಗ ತಮ್ಮ ಅದೇ ಅಂಗಡಿಯನ್ನು ಬಾಡಿಗೆಗೆ ಹಿಡಿದು ತನ್ನದೇ ಸ್ಕೂಲು ತೆರೆದ. ಹೊಸ ಗಾಜು ಹಾಕಿಸಿದ. ಆ ಗಾಜಿನ ಹಿಂದೆ ಕುಳಿತು ಅಕ್ಕನ ಬಾಗಿಲನ್ನು ನೋಡುವುದೂ, ನೋಡಲಿಲ್ಲವೆಂಬಂತೆ ಇರುವುದೂ ಅವನ ದಿನಚರಿಯಾಯಿತು.

ಆ ಮನೆತನಕ್ಕೆ ಇದೇನೂ ಹೊಸದಲ್ಲ. ಅವರ ಅಪ್ಪ, ಬೀದಿಯವರೆಲ್ಲ ಯಜಮಾನರು ಎಂದು ಕರೆಯುತ್ತಿದ್ದ ಮುದುಕರು, ತಮ್ಮ ಸ್ವಂತ ತಮ್ಮನ ಜೊತೆ ಮಾತು ಬಿಟ್ಟಿದ್ದು ಒಂದು ಮದುವೆಯ ಫೋಟೋದಲ್ಲಿ ತಂದೆಯ ಪಕ್ಕ ಯಾರು ನಿಲ್ಲಬೇಕು ಎಂಬ ವಿಷಯಕ್ಕೆ. ಆ ತಮ್ಮ ತೀರಿಕೊಳ್ಳುವವರೆಗೂ ಆ ಮೌನ ಹಾಗೇ ಇತ್ತು. ಅದಕ್ಕೂ ಮುಂಚೆ ಸ್ಕೂಲು ಕಟ್ಟಿದ ಅಜ್ಜನಿಗೂ ಅವರ ಅಣ್ಣನಿಗೂ ಮಾತಿರಲಿಲ್ಲ. ಯಾಕೆಂದು ಈಗ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಅಜ್ಜನದೇ ಸರಿ ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಹಾಗೆಂದು ಅವರು ದೈವಭಕ್ತಿ ಇಲ್ಲದವರೇನಲ್ಲ. ಒಂದು ಭಾನುವಾರವೂ ಚರ್ಚ್ ತಪ್ಪಿಸಿದವರಲ್ಲ. ಅಕ್ಕನ ಕಡೆಯವರು ಬಲಗಡೆಯ ಬೆಂಚಿನಲ್ಲಿ, ತಮ್ಮನ ಕಡೆಯವರು ಎಡಗಡೆಯ ಬೆಂಚಿನಲ್ಲಿ ಕೂರುತ್ತಿದ್ದರು. ನಡುವೆ ಬೀದಿಯ ಬದಲು ಜಮಖಾನೆ ಹಾಸಿದ ಓಣಿ, ಅಷ್ಟೇ ವ್ಯತ್ಯಾಸ. ಸತ್ತ ಅಜ್ಜನಿಗಂತೂ ಸತ್ಯವೇದದ ಒಂದು ಕೀರ್ತನೆ ಬಾಯಿಪಾಠವಾಗಿತ್ತು. ದೇವರ ಮುಂದೆ ಜನ ಗೋಳಾಡುವ ಕೀರ್ತನೆ ಅದು: ನಮ್ಮ ಮೇಲೆ ನಿನಗೆ ಎಂದೆಂದೂ ಸಿಟ್ಟೇ, ಮೊಮ್ಮಕ್ಕಳ ಕಾಲಕ್ಕೂ ಈ ಕೋಪವನ್ನು ಎಳೆಯುವೆಯಾ ಎಂಬ ಅರ್ಥದ್ದು. ಊಟವಾದ ಮೇಲೆ ಅಜ್ಜ ಅದನ್ನು ಕೈ ಒರೆಸಿಕೊಳ್ಳುತ್ತ, ತೃಪ್ತಿಯಿಂದ, ಯಾರೋ ತಮಗೆ ಬರೆದುಕೊಟ್ಟ ಸರ್ಟಿಫಿಕೇಟನ್ನು ಓದುವ ಹಾಗೆ ಹೇಳುತ್ತಿದ್ದರು.

ಇದೆಲ್ಲ ಗೊತ್ತಿದ್ದ ಹಳೆಯ ಪಾದ್ರಿ ನಿವೃತ್ತರಾಗಿ ಹೊಸ ಪಾದ್ರಿ ಬಂದರು. ತೆಳ್ಳನೆಯ ಮನುಷ್ಯ, ತುಂಬ ಓದಿಕೊಂಡವರು. ಸಭೆಯ ಮನೆಗಳು ದೂರ ದೂರ ಇದ್ದುದರಿಂದ ಕಾರು ಕಲಿಯಲೇಬೇಕಾಯಿತು. ಬ್ರೇಕ್ ಮೇಡಂ ಹತ್ತಿರ ಬಂದರು.

"ಕ್ಲಚ್! ಕ್ಲಚ್ ಒತ್ತಿ ಅಂದೆ! ಅದು ಕ್ಲಚ್ಚಾ?"

"ಕ್ಷಮಿಸಿ ಮೇಡಂ."

"ನನ್ನನ್ನ ಕೇಳ್ಬೇಡಿ ಪಾಸ್ಟರ್, ಗೇರ್‌ಬಾಕ್ಸ್‌ನ ಕ್ಷಮೆ ಕೇಳಿ."

ಕಾರು ನಾಲ್ಕು ರಸ್ತೆ ಸೇರುವಲ್ಲಿ ಕೆಮ್ಮಿ ನಿಂತಿತು. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಪಾದ್ರಿ ಹಣೆ ಒರೆಸಿಕೊಂಡು, ಏನಾದರೂ ಒಳ್ಳೆಯ ಮಾತು ಆಡಬೇಕೆಂದುಕೊಂಡರೋ ಏನೋ, "ನಿಮ್ಮ ಧ್ವನಿ ಕೊನೇ ಬೆಂಚಿಗೂ ಕೇಳತ್ತೆ ಮೇಡಂ. ಅದಕ್ಕೇ ಒಂದು ಮಾತು. ಒಂದು ಪ್ರಲಾಪದ ಕೀರ್ತನೇನ ಆರಾಧನೇಲಿ ಎರಡು ಧ್ವನೀಲಿ ಓದಿಸ್ಬೇಕು ಅಂತಿದೀನಿ. ಪ್ರಶ್ನೆ ಕೇಳೋ ಧ್ವನಿ ನಿಮ್ಮದಾಗ್ಲಿ," ಎಂದರು. ಯಾವ ಕೀರ್ತನೆ ಎಂಬುದನ್ನೂ ಹೇಳಿದರು. ಅಜ್ಜನದೇ.

ಅವಳಿಗೆ ಒಳಗೊಳಗೇ ಖುಷಿಯಾಯಿತು. "ಎರಡನೇ ಧ್ವನಿ ಯಾರದು?"

"ನಿಮ್ಮ ಎದುರು ಶಾಖೆಯವರದು. ಅವರು ಒಪ್ಪಿದ್ದಾಯ್ತು."

ಕಾರು ನಿಂತೇ ಇತ್ತು. ಆದರೂ ಅವಳು ಬ್ರೇಕ್ ಒತ್ತಿದಳು.

"ಅದು ಶಾಖೆ ಅಲ್ಲ," ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಹಿಂದಿನ ಹಾರ್ನುಗಳು ಬಿಡಲಿಲ್ಲ. ಆಗುವುದಿಲ್ಲ ಎನ್ನಬಹುದಿತ್ತು. ಎಂದರೆ ಎದುರಿನವನು ಒಬ್ಬನೇ ನಿಂತು ಓದುತ್ತಾನೆ, ಅಕ್ಕ ಹೆದರಿ ಹಿಂದೆ ಸರಿದಳು ಎಂದು ಜನ ಆಡಿಕೊಳ್ಳುತ್ತಾರೆ. ಒಪ್ಪಿಕೊಂಡಳು. ತಮ್ಮನೂ ಇದೇ ಲೆಕ್ಕ ಹಾಕಿಯೇ ಒಪ್ಪಿದ್ದ ಎಂಬುದು ಆಮೇಲೆ ತಿಳಿದ ವಿಷಯ.

ಸ್ಕೂಲಿನ ಮಹಡಿಯ ಮೇಲೆ ಅವಳ ಮನೆ. ಗಂಡ ಕಾಯಿಲೆಯಿಂದ ತೀರಿಕೊಂಡ ಮೇಲೆ ಅಲ್ಲಿ ಅವಳು, ಕಾಲೇಜಿಗೆ ಹೋಗುವ ಮಗಳು ಮತ್ತು ಅಪ್ಪ, ಮೂವರೇ. ತಮ್ಮ ಬೇರೆ ಸ್ಕೂಲು ತೆರೆದಂದಿನಿಂದ ಅಪ್ಪನೂ ಅವನ ಜೊತೆ ಮಾತು ಬಿಟ್ಟಿದ್ದರು. ಅಪ್ಪನ ಕಿವಿಗೆ ಒಂದು ಮಿಷನ್ನು ಹಾಕಿಸಿದ್ದರು. ಬೇಡದ ಮಾತು ಬಂದಾಗ ಯಜಮಾನರು ಅದನ್ನು ಕಳಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ಕೊಂಡ ಮೇಲೆ ಅವರಿಗೆ ಕೇಳಿಸುವುದು ಇನ್ನೂ ಕಡಿಮೆಯಾಯಿತು ಎಂದು ಮೊಮ್ಮಗಳು ತಮಾಷೆ ಮಾಡುತ್ತಿದ್ದಳು.

ಸಂಜೆ ಬ್ರೇಕ್ ಮೇಡಂ ಅಪ್ಪನನ್ನು ಕೇಳಿದಳು. "ಅಪ್ಪ, ಅಜ್ಜ ದಿನಾ ಹೇಳ್ತಿದ್ರಲ್ಲ ಆ ಕೀರ್ತನೆ, ಅದರ ಅರ್ಥ ಏನು?"

"ಅರ್ಥ ಏನು ಬಂತು? ದೇವರಿಗೆ ಒಂದ್ಸಲ ಸಿಟ್ಟು ಬಂದ್ರೆ ಮೊಮ್ಮಕ್ಕಳ ಕಾಲದವರೆಗೂ ಇಟ್ಕೋತಾನೆ. ಅಂದ್ರೆ, ಸಿಟ್ಟು ಇಟ್ಕೊಳ್ಳೋದು ದೊಡ್ಡೋರ ಲಕ್ಷಣ. ಕಂಡಕಂಡೋರಿಗೆ ಬರೋದಲ್ಲ ಅದು."

"ಅದು ಪ್ರಶ್ನೆ ಅಲ್ವಾ ಅಪ್ಪ? ಇಟ್ಕೋತೀಯಾ ಅಂತ ಕೇಳೋದು. ಕೊನೇಲಿ ಪ್ರಶ್ನೆ ಚಿಹ್ನೆ ಇದೆ."

"ನಿಮ್ಮಜ್ಜ ಚಿಹ್ನೆ ಎಲ್ಲ ಓದ್ತಿರ್ಲಿಲ್ಲ."

ಮಗಳು ಮೂಲೆಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. "ಅಂದ್ರೆ ದೇವರು ಠೂ ಬಿಟ್ಟಿದಾನೆ, ಇವರು ಹೋಗಿ ಮಾತಾಡು ಮಾತಾಡು ಅಂತ ಪೀಡಿಸ್ತಿದಾರೆ. ಅಷ್ಟೇ ತಾನೇ?" ಎಂದಳು. ಯಜಮಾನರು ಕಿವಿಯ ಮಿಷನ್ನು ಕಳಚಿ ಜೇಬಿಗೆ ಹಾಕಿಕೊಂಡರು.

ಅಭ್ಯಾಸ ನಡೆದದ್ದು ಚರ್ಚಿನ ಹಿಂದಿನ ಸಣ್ಣ ಕೋಣೆಯಲ್ಲಿ. ಒಡೆದ ಬೆಂಚುಗಳು, ಕೀಗಳು ಕಳಚಿಹೋದ ಹಾರ್ಮೋನಿಯಂ, ಧೂಳು ಹಿಡಿದ ಮೇಣದಬತ್ತಿ ಪೆಟ್ಟಿಗೆಗಳ ನಡುವೆ ಅಕ್ಕ ಒಂದು ಗೋಡೆಗೆ, ತಮ್ಮ ಇನ್ನೊಂದು ಗೋಡೆಗೆ ಅಂಟಿಕೊಂಡು ನಿಂತರು. ಅವಳು ತನ್ನ ಸಾಲನ್ನು ಓದಿದಳು. ಕಿಟಕಿಯ ಗಾಜು ಅದುರಿತು.

ತಮ್ಮ ಪಾದ್ರಿಯ ಕಡೆ ತಿರುಗಿದ. "ಪಾಸ್ಟರ್, ಅವರಿಗೆ ಹೇಳಿ. ಇದು ಬೇಡ್ಕೊಳ್ಳೋ ಮಾತು. ಅವರು ದೇವರ ಲೈಸೆನ್ಸ್ ಕ್ಯಾನ್ಸಲ್ ಮಾಡೋ ಥರ ಓದ್ತಿದಾರೆ."

"ಪಾಸ್ಟರ್, ಅವರಿಗೆ ಹೇಳಿ. ಬೇಡ್ಕೊಳ್ಳೋದು ಅಂದ್ರೆ ಗೊಣಗೋದಲ್ಲ. ಮೇಲಕ್ಕೆ ಕೇಳಿಸ್ಬೇಕಲ್ಲ."

"ಅವರು ಇಲ್ಲೇ ಇದಾರಲ್ಲ?" ಎಂದರು ಪಾದ್ರಿ, ಗಾಬರಿಯಾಗಿ.

"ಇರಬಹುದು," ಎಂದಳು ಅಕ್ಕ.

ಪಾದ್ರಿಗೆ ವಿಷಯ ಅರ್ಥವಾದದ್ದು ಆಗ. ಪಾಪ, ಅವರು ಮುಖ ಒರೆಸಿಕೊಂಡು ಒಂದು ಒಡೆದ ಬೆಂಚಿನ ಮೇಲೆ ಜೋಪಾನವಾಗಿ ಕೂತರು. ಬುದ್ಧಿ ಹೇಳಲು ಹೋಗಲಿಲ್ಲ. ಕೀರ್ತನೆಯ ಮಾತನ್ನೇ ಎತ್ತಿಕೊಂಡರು.

"ಇದನ್ನ ಹಾಡಿದೋರು ಯಾರು ಗೊತ್ತಾ? ತಪ್ಪು ಮಾಡಿದೋರಲ್ಲ. ಅವರೆಲ್ಲ ಶತ್ರುಗಳಿಗೆ ಸೆರೆಯಾಗಿ ಹೋಗಿ ಪರದೇಶದಲ್ಲೇ ಮಣ್ಣಾದ್ರು. ಇವರು ಅವರ ಮಕ್ಕಳು, ಮೊಮ್ಮಕ್ಕಳು, ಅಂತ ಓದಿದೋರು ಬಹಳ ಜನ ಹೇಳ್ತಾರೆ. ಶಿಕ್ಷೆ ಮುಗೀತು, ಮನೆಗೆ ಹೋಗಿ ಅಂದ್ರು. ಬಂದು ನೋಡಿದ್ರೆ ಗೋಡೆ ಬಿದ್ದಿದೆ, ಹೊಲ ಹಾಳಾಗಿದೆ. ಮುಗಿದ ಹಾಗೆ ಕಾಣ್ತಾನೇ ಇಲ್ಲ. ನಾವು ಹುಟ್ಟೋಕೆ ಮುಂಚೆ ಬಂದ ಸಿಟ್ಟು, ನಮ್ಮ ಮೇಲೆ ಯಾಕೆ, ಎಷ್ಟು ದಿನ, ಅಂತ ಕೇಳ್ತಾರೆ."

ತಮ್ಮ ತನ್ನ ಹಾಳೆಯನ್ನು ತಿರುಗಿಸಿ ನೋಡಿದ.

"ನನಗೆ ಇದರಲ್ಲಿ ಆಶ್ಚರ್ಯ ಅನ್ಸೋದು ಸಿಟ್ಟಲ್ಲ," ಎಂದರು ಪಾದ್ರಿ. "ಸಿಟ್ಟಾಗಿರೋನ ಹತ್ರಾನೇ ಹೋಗಿ ಕೇಳ್ತಾರಲ್ಲ, ಅದು. ಉತ್ತರ ಬರಲ್ಲ ಅಂತ ಗ್ಯಾರಂಟಿ ಇದ್ದಿದ್ರೆ ಕೇಳ್ತಾನೇ ಇರ್ಲಿಲ್ಲ. ಮಾತು ಬಿಟ್ಟೋರು ಪ್ರಲಾಪ ಮಾಡಲ್ಲ."

ಮಾತು ಇಬ್ಬರಿಗೂ ಬಹಳ ಹಿಡಿಸಿತು. ಇದನ್ನು ಇವನು ಕಿವಿಗೆ ಹಾಕಿಕೊಂಡರೆ ಸಾಕು ಎಂದು ಅಕ್ಕ ಅಂದುಕೊಂಡಳು. ಇವಳಿಗೆ ಸರಿಯಾಗಿ ಹೇಳಿದರು ಎಂದು ತಮ್ಮ ಅಂದುಕೊಂಡ. ಇಬ್ಬರೂ ಪಾದ್ರಿಗೆ ವಂದಿಸಿ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು.

ಅದೇ ವಾರ ಮಗಳು ಒಂದು ಹೊಸ ಲೈಸೆನ್ಸನ್ನು ತಂದು ಊಟದ ಮೇಜಿನ ಮೇಲಿಟ್ಟಳು.

ಬ್ರೇಕ್ ಮೇಡಂ ಮಗಳಿಗೆ ಕಲಿಸಲು ಹಿಂದೆ ಒಂದು ಸಲ ಪ್ರಯತ್ನಿಸಿದ್ದಳು. ಮೊದಲ ತಿರುವಿನಲ್ಲೇ ಮಗಳು ಕಾರು ನಿಲ್ಲಿಸಿ, ಬಾಗಿಲು ತೆರೆದು ಇಳಿದು, ಬಸ್ಸು ಹಿಡಿದು ಮನೆಗೆ ಬಂದಿದ್ದಳು. ಹಾಗಾಗಿ ತಾಯಿ ಮೊದಲು ಬೆರಗಾದಳು. ಆಮೇಲೆ ಹೆಮ್ಮೆಪಟ್ಟಳು. ಆಮೇಲೆ, "ಯಾರು ಕಲಿಸಿದ್ದು?" ಎಂದಳು.

"ಮಾವ."

"ಯಾವ ಮಾವ?"

"ನನಗಿರೋದೇ ಒಬ್ರು ಮಾವ. ಎದುರುಗಡೆ ಕೂತಿದಾರಲ್ಲ, ಗಾಜಿನ ಹಿಂದೆ." ಮಗಳು ಕಣ್ಣಿಗೆ ಕಣ್ಣು ಕೊಟ್ಟೇ ಹೇಳಿದಳು. "ಅವರು ಬೈಯಲ್ಲಮ್ಮ. ಬರೀ ನಿಟ್ಟುಸಿರು ಬಿಡ್ತಾರೆ. ನಿಟ್ಟುಸಿರಲ್ಲಿ ನಾನು ಗೇರ್ ಕಲೀಬಹುದು. ಕೂಗಾಟದಲ್ಲಿ ಆಗಲ್ಲ."

ತಾಯಿಯ ಮುಖ ಕೆಂಪಾಯಿತು. ಕೂಗುತ್ತಾಳೆಂದು ಮಗಳು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದಳು. ತಾಯಿ ಕೂಗಲಿಲ್ಲ. ಎದ್ದು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಅಂದಿನಿಂದ ಮಗಳ ಜೊತೆ ಮಾತು ನಿಂತಿತು. ಊಟ ಬಡಿಸುವಳು, ಬಟ್ಟೆ ಮಡಿಸಿಡುವಳು, ಮಾತಿಲ್ಲ. ಏನಾದರೂ ಹೇಳಬೇಕಿದ್ದರೆ ಯಜಮಾನರಿಗೆ ಹೇಳುವಳು. ಅವರ ಕಿವಿಯ ಮಿಷನ್ನು ಜೇಬಿನಲ್ಲಿ ಇರುತ್ತಿತ್ತು. ಮುದುಕರು ಮಾತ್ರ ಬ್ರೇಕ್ ಮೇಡಂ ಕಡೆ ಮೆಚ್ಚುಗೆಯಿಂದ ನೋಡಿದರು. ಮನೆತನದ ವಿದ್ಯೆ ಕೈಬಿಟ್ಟು ಹೋಗಲಿಲ್ಲವಲ್ಲ ಎಂಬ ನೆಮ್ಮದಿ ಅವರಿಗೆ.

ಕೆಳಗೆ ಖಾಲಿ ಕಾರಿನಲ್ಲಿ ಕೂತು ಅವಳು ಕೀರ್ತನೆಯ ಸಾಲನ್ನು ಅಭ್ಯಾಸ ಮಾಡುತ್ತಿದ್ದಳು. ಮೊಮ್ಮಕ್ಕಳ ಕಾಲಕ್ಕೂ ಎಳೆಯುವೆಯಾ? ಒಮ್ಮೆ ಜೋರಾಗಿ, ಒಮ್ಮೆ ಅದಕ್ಕಿಂತ ಜೋರಾಗಿ. ಮೇಲೆ ಹೋಗಿ ಮಗಳನ್ನು ಕಂಡೊಡನೆ ಬಾಯಿಗೆ ಬೀಗ. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಆ ಸಾಲು ದೇವರಿಗೆ ಸಂಬಂಧಪಟ್ಟದ್ದು, ಇದು ಮನೆ ವಿಷಯ.

ಶನಿವಾರ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು.

"ಅಮ್ಮ, ಒಂದು ಮಾತು ಕೇಳ್ಲಾ? ಇದು ಎಷ್ಟು ದಿನ ಇರತ್ತೆ?"

ತಾಯಿ ಈರುಳ್ಳಿ ಹೆಚ್ಚಿದಳು.

"ಬೈಯೋಕಲ್ಲ ಕೇಳ್ತಿರೋದು. ನಿಜವಾಗ್ಲೂ ಕೇಳ್ತಿದೀನಿ. ಪರೀಕ್ಷೆವರೆಗೋ, ನಂಗೆ ಕೆಲಸ ಸಿಗೋವರೆಗೋ, ಮದುವೆಯಾಗೋವರೆಗೋ? ಮಕ್ಕಳಾದ್ರೆ ಅವರ ಜೊತೆ ಮಾತಾಡ್ತೀಯೋ, ಅವರಿಗೂ ಇದೇನಾ? ಹೇಳ್ಬಿಟ್ರೆ ನಾನೂ ಅದಕ್ಕೆ ತಕ್ಕ ಹಾಗೆ ಇರ್ತೀನಿ. ಗೊತ್ತಿಲ್ದೆ ದಿನಾ ಕಾಯೋದು ಕಷ್ಟ ಆಗತ್ತೆ."

ಚಾಕು ನಿಂತಿತು. ಇಷ್ಟು ದಿನ ಅವಳು ಆ ಸಾಲನ್ನು ಕೆಳಗೆ ನಿಂತು ಮೇಲಕ್ಕೆ ಕೂಗುತ್ತಿದ್ದಳು. ತಾನು ಅನ್ಯಾಯಕ್ಕೆ ಗುರಿಯಾದವಳು, ಕಾಯುತ್ತಿರುವವಳು, ಎಂದೇ ಅಂದುಕೊಂಡಿದ್ದಳು. ಈಗ ಯಾರೋ ಅದೇ ಸಾಲನ್ನು ಅವಳ ಕಡೆ ಮುಖ ಮಾಡಿ, ಕೂಗದೆ, ಕೇಳುತ್ತಿದ್ದರು. ದೇವರ ಜಾಗದಲ್ಲಿ, ಕೈಯಲ್ಲಿ ಈರುಳ್ಳಿ ಹಿಡಿದು, ತಾನು ನಿಂತಿದ್ದಳು. ಆ ಜಾಗ ಅಷ್ಟೇನೂ ಸುಖವಾಗಿರಲಿಲ್ಲ.

"ಗೊತ್ತಿಲ್ಲ," ಎಂದಳು. ಅಂದ ಮೇಲೆ ತಾನು ಮಾತಾಡಿಬಿಟ್ಟೆ ಎಂಬುದು ಅರಿವಾಯಿತು.

ಮಗಳು ಇನ್ನೊಂದು ಚಾಕು ತೆಗೆದುಕೊಂಡು ಪಕ್ಕದಲ್ಲಿ ನಿಂತು ಹೆಚ್ಚತೊಡಗಿದಳು. ಇಬ್ಬರ ಕಣ್ಣಲ್ಲೂ ನೀರು ಬಂತು. ಅದಕ್ಕೆ ಕಾರಣ ಈರುಳ್ಳಿ ಎಂದು ಇಬ್ಬರೂ ಒಪ್ಪಿಕೊಂಡರು.

ಭಾನುವಾರ ಚರ್ಚು ತುಂಬಿತ್ತು. ಎದುರು ಬದುರಿನವರು ಒಟ್ಟಿಗೆ ನಿಲ್ಲುತ್ತಾರೆ ಎಂಬ ಸುದ್ದಿ ಹರಡಿ, ಕ್ರಿಸ್ಮಸ್ಸಿಗೂ ಬಾರದವರು ಬಂದಿದ್ದರು. ಅಕ್ಕ ಬಲಗಡೆ, ತಮ್ಮ ಎಡಗಡೆ ನಿಂತರು. ಅವಳು ಓದತೊಡಗಿದಳು. ಮೊದಲ ಸಾಲುಗಳು ಎಂದಿನಂತೆ ಗುಡುಗಿದವು. ಆ ಸಾಲು ಬಂದಾಗ ಎರಡನೇ ಬೆಂಚಿನಲ್ಲಿದ್ದ ಮಗಳು ಕಣ್ಣಿಗೆ ಬಿದ್ದಳು. ಅಕ್ಕನ ಧ್ವನಿ ಇಳಿದುಹೋಯಿತು. ಆ ಪ್ರಶ್ನೆಯನ್ನು ಅವಳು ನಿಜವಾಗಿ ಕೇಳುವವಳ ಹಾಗೆ, ಮೆಲ್ಲಗೆ, ಕೇಳಿಬಿಟ್ಟಳು.

"ಏನಂದ್ಲು?" ಎಂದು ಕೊನೆಯ ಬೆಂಚಿನಿಂದ ಒಬ್ಬ ಮುದುಕಿ ಕೂಗಿದಳು. "ಕೇಳಿಸ್ಲೇ ಇಲ್ಲ!"

ಈಗ ತಮ್ಮನ ಸರದಿ. ದೇವರು ಏನು ಹೇಳುವನೋ ಕಿವಿಗೊಟ್ಟು ಕೇಳುತ್ತೇನೆ ಎಂಬ ಅರ್ಥದ ಸಾಲು ಅವನದು. ಅವನು ಹಾಳೆಯನ್ನು ನೋಡಿದ, ಅಕ್ಕನನ್ನು ನೋಡಿದ. ಅವಳಿಂದ ಅಷ್ಟು ಮೆಲ್ಲನೆಯ ಮಾತನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಗಾಬರಿಯಲ್ಲಿ ಅವನು ತನ್ನ ಸಾಲನ್ನು ಎಷ್ಟು ಜೋರಾಗಿ ಕೂಗಿದನೆಂದರೆ ಮುಂದಿನ ಬೆಂಚಿನ ಕೂಸೊಂದು ಅಳತೊಡಗಿತು.

ಆರಾಧನೆ ಮುಗಿದು ಜನ ಅಂಗಳಕ್ಕೆ ಬಂದರು. ಯಾರೂ ಮನೆಗೆ ಹೋಗಲಿಲ್ಲ. ಅಕ್ಕ ನೇರವಾಗಿ ನಡೆದು ತಮ್ಮನ ಮುಂದೆ ನಿಂತಳು.

"ಏಯ್. ನಿನಗಿನ್ನೂ ಸಿಟ್ಟಿದೆಯಾ?"

ಅವನು ಅಭ್ಯಾಸಬಲದಿಂದ ಪಾದ್ರಿಯ ಕಡೆ ನೋಡಿದ. ಪಾದ್ರಿ ಗೋಪುರದ ಮೇಲಿನ ಪಾರಿವಾಳಗಳನ್ನು ಆಸಕ್ತಿಯಿಂದ ನೋಡುತ್ತಿದ್ದರು.

"ಇದೆ," ಎಂದ.

"ನನಗೂ ಇದೆ."

ಒಂದಿಬ್ಬರು ಹೆಂಗಸರು ಕರವಸ್ತ್ರ ತೆಗೆದರು. ಇನ್ನೇನು ಅಪ್ಪಿಕೊಳ್ಳುತ್ತಾರೆ ಎಂದುಕೊಂಡರು.

"ಆವತ್ತು ಕಾರಿಂದ ಕೊನೆಗೆ ಇಳಿದಿದ್ದು ನೀನು," ಎಂದಳು ಅಕ್ಕ.

"ನಾನಾ? ಅಕ್ಕ, ದೇವರ ಮನೆ ಮುಂದೆ ನಿಂತು ಸುಳ್ಳು ಹೇಳ್ಬೇಡ!"

ಅಕ್ಕ ಎಂಬ ಮಾತು ಅವನ ಬಾಯಿಂದ ಬಂದೇ ಹೋಗಿತ್ತು. ಹಿಂದಕ್ಕೆ ತೆಗೆದುಕೊಳ್ಳಲು ಹೊತ್ತಿರಲಿಲ್ಲ. "ಡ್ರೈವರ್ ಸೀಟಲ್ಲಿ ಯಾರಿದ್ರು? ನಾನು ಆ ಕಡೆ ಇದ್ದೆ, ನೀನು ಈ ಕಡೆ ಇದ್ದೆ!"

"ನಾನು ಇಳಿದಾಗ ನೀನು ರೇಡಿಯೋ ಕೇಳ್ತಾ ಕೂತಿದ್ದೆ!"

"ಅದು ಹಿಂದಿನ ದಿನ!"

"ಮತ್ತೆ ನನ್ನ ಮಗಳಿಗೆ ಕಳ್ಳತನದಲ್ಲಿ ಕಲಿಸಿದ್ದೀಯ."

"ಕಲಿಸಿದೀನಿ. ಪಾಸಾದ್ಲಲ್ಲ?"

"ರಿವರ್ಸ್ ಚೂರೂ ಬರಲ್ಲ ಅವಳಿಗೆ."

"ಅದು ನಿನ್ನ ಕಡೆಯಿಂದ ಬಂದಿರೋದು!"

ಕರವಸ್ತ್ರಗಳು ಮಡಚಿಕೊಂಡು ಒಳಗೆ ಹೋದವು. ಪಾದ್ರಿ ಅಂದುಕೊಂಡಿದ್ದು ಇದಲ್ಲ. ಅಂಗಳದ ನಡುವೆ ಇಬ್ಬರೂ ವರ್ಷಗಳಿಂದ ಕೂಡಿಟ್ಟಿದ್ದನ್ನೆಲ್ಲ ಹೊರಗೆ ಹಾಕುತ್ತಿದ್ದರು: ಕನ್ನಡಕದ ಅಂಗಡಿ, ಹಳದಿ ಬಣ್ಣ, ಬೋರ್ಡಿನ ಹೆಸರು, ಬಾವನ ಅಂತ್ಯಕ್ರಿಯೆಗೆ ಅವನು ಬಂದು ಗೇಟಿನ ಹೊರಗೇ ನಿಂತದ್ದು. "ಒಳಗೆ ಬಾ ಅಂತ ನೀನು ಕರೀಲಿಲ್ಲ," ಎಂದ ಅವನು. "ಕರೀಬೇಕಿತ್ತಾ? ಅದು ನಿನ್ನ ಮನೆ ಅಲ್ವಾ?" ಎಂದಳು ಅವಳು. ಅಲ್ಲಿ ಇಬ್ಬರೂ ಒಂದು ಕ್ಷಣ ತಡೆದರು. ಆಮೇಲೆ ಮತ್ತೆ ಶುರುವಾಯಿತು, ಆದರೆ ಮೊದಲಿನ ಬಿಸಿ ಇರಲಿಲ್ಲ. ಕಾವಲುಗಾರ ಬಂದು ಗೇಟು ಹಾಕಬೇಕು ಎಂದ ಮೇಲೆ ಜಗಳ ಆಡುತ್ತಲೇ ಒಂದೇ ದಾರಿಯಲ್ಲಿ ಮನೆಗೆ ನಡೆದರು. ಮಗಳು ಹಿಂದಿನಿಂದ ಇಬ್ಬರ ಕೊಡೆಗಳನ್ನೂ ಹಿಡಿದುಕೊಂಡು ಹೋದಳು.

ಹೊಡೆತ ಬಿದ್ದದ್ದು ಯಜಮಾನರಿಗೆ. "ನಮ್ಮ ಕಾಲದಲ್ಲಿ ಸಿಟ್ಟಿಗೆ ಒಂದು ಮರ್ಯಾದೆ ಇತ್ತು," ಎಂದರು. "ಬೀದೀಲಿ ನಿಂತು ಕಿತ್ತಾಡೋದೇನು, ಸಂತೆಯೋರ ಹಾಗೆ? ನಾನೂ ನನ್ನ ತಮ್ಮನೂ ಇಪ್ಪತ್ತು ವರ್ಷ ಒಂದೇ ಬೀದೀಲಿದ್ವಿ, ಒಂದು ಅಕ್ಷರ ಆಡ್ಲಿಲ್ಲ." ಅಷ್ಟು ಹೇಳಿ ಬ್ರೇಕ್ ಮೇಡಂ ಜೊತೆ ಮಾತು ಬಿಟ್ಟರು. ಮಿಷನ್ನು ಜೇಬಿನಿಂದ ಹೊರಗೇ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಮೊಮ್ಮಗಳು ಅವರ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಳು. ಬಗ್ಗಲು ಆಗದ್ದರಿಂದ ಈ ಒಂದು ಕೆಲಸಕ್ಕೆ ಅವರು ಯಾರನ್ನಾದರೂ ಹತ್ತಿರ ಬಿಟ್ಟುಕೊಳ್ಳಲೇಬೇಕಿತ್ತು. ಅವಳು ಅವರ ಜೇಬಿನಿಂದ ಮಿಷನ್ನು ತೆಗೆದು, ಅವರು ಬೇಡವೆನ್ನುವ ಮೊದಲೇ ಕಿವಿಗೆ ಸಿಕ್ಕಿಸಿದಳು.

"ಅಜ್ಜ, ಚಿಕ್ಕಜ್ಜ ಯಾವತ್ತಾದ್ರೂ ನಿಮ್ಮನ್ನ ಕೇಳಿದ್ರಾ, ಇನ್ನೂ ಸಿಟ್ಟಾ ಅಂತ?"

ಮೊಮ್ಮಗಳು ಇನ್ನೊಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇಲ್ಲ," ಎಂದರು. "ಅವನು ಆಸ್ಪತ್ರೇಲಿದ್ದಾಗ ಹೋಗಿದ್ದೆ. ಯಾರಿಗೂ ಗೊತ್ತಿಲ್ಲ. ಬಾಗಿಲ ಹತ್ರ ನಿಂತೆ. ಅವನು ನೋಡ್ದ. ಕೇಳ್ತಾನೆ ಅಂತ ನಾನು ನಿಂತಿದ್ದೆ. ನಾನು ಕೇಳ್ತೀನಿ ಅಂತ ಅವನು ನೋಡ್ತಿದ್ದ. ನರ್ಸು ಬಂದು ಒಳಗೆ ಹೋಗಿ ಇಲ್ಲಾ ಹೊರಗೆ ಹೋಗಿ ಅಂದ್ಲು." ಅವರು ಕಾಲ್ಬೆರಳು ಆಡಿಸಿದರು. "ಹೊರಗೆ ಹೋದೆ."

"ಕೇಳಿದ್ರೆ ಏನಂತಿದ್ರಿ?"

"ಏನಂತಿದ್ದೆ? ಸಿಟ್ಟಿದೆ ಅಂತಿದ್ದೆ." ಸ್ವಲ್ಪ ತಡೆದು, "ಆಮೇಲೆ ಒಳಗೆ ಹೋಗಿ ಕೂತ್ಕೋತಿದ್ದೆ," ಎಂದರು.

ಬಾಗಿಲಾಚೆ ನಿಂತಿದ್ದ ಬ್ರೇಕ್ ಮೇಡಂಗೆ ಎಲ್ಲ ಕೇಳಿಸಿತು. ಅಪ್ಪನ ಮುಂದೆ ಬಂದು ನಿಂತಳು. ಅವರಾಗಿ ಕೇಳಲಿ ಎಂದು ಕಾಯುವ ಯೋಚನೆ ಒಮ್ಮೆ ಬಂತು, ರಕ್ತದ ಗುಣ. ಅದನ್ನು ನುಂಗಿಕೊಂಡು, "ಅಪ್ಪ, ತಮ್ಮ ಭಾನುವಾರ ಊಟಕ್ಕೆ ಕರೆದಿದಾನೆ. ಬರ್ತೀರಾ?" ಎಂದಳು.

"ನನ್ನ ಕರೆದ್ನಾ, ನಿನ್ನ ಕರೆದ್ನಾ?"

"ಎಲ್ಲರನ್ನೂ. ನಿಮ್ಮ ಹೆಸರೇ ಮೊದಲು ಹೇಳ್ದ."

ಇದು ಸುಳ್ಳು. ತಮ್ಮ ಯಾರನ್ನೂ ಕರೆದಿರಲಿಲ್ಲ. ಅವಳು ಕೆಳಗಿಳಿದು ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿ, "ಭಾನುವಾರ ನಾವು ಊಟಕ್ಕೆ ಬರ್ತಿದೀವಿ, ನೀನು ಕರೆದಿದೀಯ," ಎಂದು ಹೇಳಿ ಬಂದಳು. ಅವನು ಕಿಟಕಿಯಾಚೆ ನೋಡಿ ಒಂದು ನಿಟ್ಟುಸಿರು ಬಿಟ್ಟ. ಆಮೇಲೆ ಮನೆಯಲ್ಲಿ ಇದನ್ನು ಕೇಳಿದ ಮಗಳು, ಅದು ಒಪ್ಪಿಗೆ ಎಂದು ಭಾಷಾಂತರ ಮಾಡಿದಳು.

ಭಾನುವಾರ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗನ ಮನೆಗೆ ಹೋದರು. ಹೊಸ್ತಿಲು ದಾಟುವ ಮುಂಚೆ ಒಂದು ಗಳಿಗೆ ನಿಂತರು. ಸೊಸೆ ಬಂದು ಅವರ ಕೈ ಹಿಡಿದು, "ಒಳಗೆ ಬನ್ನಿ ಮಾವ," ಎಂದಳು. ಒಳಗೆ ಹೋದರು. ಕೂತೊಡನೆ ಕುರ್ಚಿ ತಗ್ಗಾಯಿತು ಎಂದರು. ಆಮೇಲೆ ಗೋಡೆಯ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದರು. ಊಟ ಬಡಿಸುವಾಗ, ಮಗನ ಸ್ಕೂಲಿನ ಹುಡುಗರು ತಿರುವಿನಲ್ಲಿ ಕೈ ತೋರಿಸುವುದಿಲ್ಲ, ಮಹಡಿಯಿಂದ ತಾನು ದಿನವೂ ನೋಡುತ್ತೇನೆ, ಇದನ್ನು ವರ್ಷಗಳಿಂದ ಹೇಳಬೇಕೆಂದಿದ್ದೆ ಎಂದರು. ಮಗನಿಗೆ ರೇಗಿತು. ನೀವು ಕಲಿಸಿದವರು ಏನು ಮಹಾ ತೋರಿಸುತ್ತಿದ್ದರು ಎಂದ. ಆಗ ಅಕ್ಕ, "ಅವನು ಹೇಳೋದು ಸರಿ ಅಪ್ಪ, ನೀವೂ ಎಲ್ರಿಗೂ ಹಾರ್ನ್ ಒಂದೇ ಕಲಿಸಿದ್ದು," ಎಂದು ತಮ್ಮನ ಪಕ್ಷ ವಹಿಸಿದಳು. ಮೇಜಿನ ಸುತ್ತ ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಯಾರ ಮಾತೂ ಯಾರಿಗೂ ಪೂರ್ತಿ ಕೇಳಿಸುತ್ತಿರಲಿಲ್ಲ.

ಮುದುಕರ ಕೈ ಕಿವಿಯವರೆಗೂ ಹೋಯಿತು. ಮೊಮ್ಮಗಳು ನೋಡುತ್ತಿದ್ದಳು. ಅವರು ಮಿಷನ್ನನ್ನು ಕಳಚಲಿಲ್ಲ. ಒತ್ತಿ ಸರಿಯಾಗಿ ಕೂರಿಸಿಕೊಂಡು ಮುಂದಕ್ಕೆ ಬಾಗಿದರು. ಹೊರಡುವಾಗ ಮಗ ಬಾಗಿಲವರೆಗೆ ಬಂದು, ಯಾರ ಮುಖವನ್ನೂ ನೋಡದೆ, ಮುಂದಿನ ವಾರ ಬೇರೆ ಕುರ್ಚಿ ತರಿಸುತ್ತೇನೆ ಎಂದ.

"ತರ್ಸು," ಎಂದರು ಯಜಮಾನರು, ಮೆಟ್ಟಿಲಿಗೆ ಕೋಲೂರುತ್ತ. "ನಾನು ಹೇಳೋದು ಇನ್ನೂ ಬಹಳ ಇದೆ."